ಹೊಟ್ಟೆ ಮಗುಚಿ ನೋಡಿ

ಮಿರಗದ ಮಳೆ ನಾಲ್ಕು ದಿನ ಹಿಡಿದು ಬಿತ್ತೆಂದರೆ ಖಾನಾಪುರದ ಕಡೆ ರಾತ್ರಿಯೆಲ್ಲ ಗದ್ದೆ ಬದುಗಳ ಮೇಲೆ ಬ್ಯಾಟರಿ ಬೆಳಕು ಓಡಾಡುತ್ತದೆ. ಬೇಸಿಗೆಯಿಡೀ ಬಿಲದಲ್ಲಿ ಅಡಗಿದ್ದ ಏಡಿ ಹೊರಬಿದ್ದಿರುತ್ತದೆ. ಬೆಳಗಾಗುವುದರೊಳಗೆ ಅದು ಬೆಳಗಾವಿಯ ಪೇಟೆಯಲ್ಲಿ, ಬುಟ್ಟಿಯೊಳಗೆ ಸರಬರ ಎನ್ನುತ್ತಿರುತ್ತದೆ.

ಒಂದು ಮಳೆಗಾಲ ನಾನೂ ಕೊಂಡು ತಂದೆ. ತೊಳೆಯುವಾಗ ಒಂದನ್ನು ಮಗುಚಿ ಹೊಟ್ಟೆಯ ಮುಚ್ಚಳ ಎತ್ತಿದರೆ, ಒಳಗೆ ಜೋಳದ ಕಾಳಿನಷ್ಟು ಮರಿಗಳು! ಕಾಲು, ಕಣ್ಣು, ಇಕ್ಕಳ ಎಲ್ಲ ಮೂಡಿದ್ದವು. ಅಂಗೈ ಮೇಲೆ ಹರಿದಾಡಿದವು. ಸಾರು ಮಾಡಲು ಮನಸ್ಸಾಗಲಿಲ್ಲ.

ಹೀಗೆ ಮರಿ ಹೊತ್ತವನ್ನೂ ಹಿಡಿದು ಏಡಿ ಕಡಿಮೆಯಾದರೆ ಹ್ಯಾಚರಿ ಮಾಡಿ ಬಿಟ್ಟರಾಯಿತು ಎನ್ನುವವರಿದ್ದಾರೆ. ಅದು ಕಡಲಿನ ಮಾತು. ಕಡಲ ಏಡಿ ಲಕ್ಷಗಟ್ಟಲೆ ಮೊಟ್ಟೆ ಹೊರುತ್ತದೆ, ಒಡೆದು ಬರುವ ಲಾರ್ವಾ ಏಡಿಯ ಹಾಗೆ ಕಾಣುವುದೂ ಇಲ್ಲ, ಬಹುಪಾಲು ಸಾಯುತ್ತವೆ. ಅದಕ್ಕೇ ಜಪಾನಿನವರು ತೊಟ್ಟಿಯಲ್ಲಿ ಸಾಕಿ ಸಮುದ್ರಕ್ಕೆ ಬಿಡುತ್ತಾರೆ. ತಮಿಳುನಾಡಿನ ಶೀರ್ಕಾಳಿ ಬಳಿ ಸಾಕಣೆಗೆಂದೇ ಏಡಿ ಹ್ಯಾಚರಿ ಇದೆ. ನಮ್ಮ ಹಳ್ಳದ ಏಡಿಯ ಸಂಸಾರ ಬೇರೆ. ಕೆಲವು ನೂರು ದೊಡ್ಡ ಮೊಟ್ಟೆ, ಅದರಿಂದ ನೇರವಾಗಿ ಮರಿ. ತಾಯಿಯ ಹೊಟ್ಟೆಯೇ ಹ್ಯಾಚರಿ. ಕಾಸು ಬೇಡ, ಕರೆಂಟು ಬೇಡ. ಆದರೆ ಅಲೆಯ ಮೇಲೆ ತೇಲಿ ಬಂದು ನೆಲೆಸುವ ಲಾರ್ವಾ ಇಲ್ಲಿಲ್ಲ. ಬರಿದಾದ ಹಳ್ಳ ಸುಲಭಕ್ಕೆ ತುಂಬದು.

2022ರಲ್ಲಿ ಪಕ್ಕದ ಜಿಲ್ಲೆಯ ಯಲ್ಲಾಪುರದಲ್ಲಿ ಬಿಳಿ ಬೆನ್ನು, ನೇರಳೆಗೆಂಪು ಕಾಲಿನ ಏಡಿಯೊಂದಕ್ಕೆ ವಿಜ್ಞಾನಿಗಳು ‘ದ್ವಿವರ್ಣ’ ಎಂದು ಹೆಸರಿಟ್ಟರು. ಕಣಕುಂಬಿ, ಭೀಮಗಡದ ಹಳ್ಳಗಳಲ್ಲಿ ಹೆಸರಿಲ್ಲದ್ದು ಇನ್ನೇನಿದೆಯೋ! ಹೆಸರಿಡುವ ಮೊದಲೇ ಮಸಾಲೆ ಅರೆಯಬೇಕೆ?

ಖಾನಾಪುರದ ಅಣ್ಣಂದಿರೇ, ಹಿಡಿಯಬೇಡಿ ಎನ್ನುತ್ತಿಲ್ಲ. ಅಜ್ಜನ ಕಾಲದಿಂದ ಬಂದ ಊಟ ಅದು. ಮಡುವಿಗೆ ಬ್ಲೀಚಿಂಗ್ ಪೌಡರ್ ಸುರಿಯುವುದು ಮಾತ್ರ ಬೇಟೆಯಲ್ಲ, ಕೊಲೆ. ಬೆಳಗಾವಿಯವರೇ, ನಾವೇನು ಸಾಚಾಗಳಲ್ಲ: ಬಳ್ಳಾರಿ ನಾಲೆಗೆ ಊರ ಹೊಲಸೆಲ್ಲ ಬಿಟ್ಟು ಶಹಾಪುರ, ವಡಗಾವಿಯ ಗದ್ದೆ ಕೆಡಿಸಿದವರು, ಈಗ ಖಾನಾಪುರದ ಹಳ್ಳಕ್ಕೆ ಬಾಯಿ ಹಾಕಿದ್ದೇವೆ. ಮರಿ ಹೊತ್ತ ಏಡಿ ಬೇಡವೆಂದು ಬುಟ್ಟಿಯ ಮುಂದೆ ನಿಂತು ಹೇಳಿ. ಕೊಳ್ಳುವವರಿಲ್ಲದಿದ್ದರೆ ತರುವವರೂ ಇರುವುದಿಲ್ಲ.

ಗುರುತು ಸುಲಭ. ಮುಚ್ಚಳ ಕಿರಿದಾಗಿದ್ದರೆ ಗಂಡು, ಅಗಲವಿದ್ದರೆ ಹೆಣ್ಣು. ಈ ಮಿರಗಕ್ಕೆ ಏಡಿ ಹಿಡಿಯಲು ಹೋದಾಗ ಹೆಣ್ಣಿನ ಮುಚ್ಚಳ ಎತ್ತಿ ನೋಡಿ. ಮೊಟ್ಟೆ, ಮರಿ ಕಂಡರೆ ಸಿಕ್ಕಿದ ಬಿಲದ ಬಾಯಲ್ಲೇ ಬಿಟ್ಟು ಬನ್ನಿ.