ಇಳಿದುಬಂದರೆ ಸೋತಂತಲ್ಲ

ಮಕ್ಕಳೇ, ಭಾಷಣ ಸ್ಪರ್ಧೆಯಲ್ಲಿ ಮಾತು ಮರೆತು ವೇದಿಕೆಯಿಂದ ಇಳಿದುಬಂದ ಮೊಮ್ಮಗಳು ಮಂಕಾಗಿದ್ದಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಫ್ರೀ ಸೋಲೋ’ ಸಾಕ್ಷ್ಯಚಿತ್ರ ನೋಡಿದೆ.

ಅಮೆರಿಕದ ಯೊಸೆಮಿಟಿಯಲ್ಲಿ ಗೋಡೆಯಂತೆ ನಿಂತ ಎಲ್ ಕ್ಯಾಪಿಟನ್ ಬಂಡೆ ಸುಮಾರು 3,000 ಅಡಿ ಎತ್ತರ. ಅಲೆಕ್ಸ್ ಹೊನಾಲ್ಡ್ 2017ರ ಜೂನ್ 3ರಂದು ಅದನ್ನು ಹಗ್ಗವಿಲ್ಲದೆ, ನಾಲ್ಕು ಗಂಟೆಯೊಳಗೆ ಹತ್ತಿದ. ನೋಡುತ್ತಾ ನನ್ನ ಅಂಗೈ ಬೆವರಿತು.

ಆದರೆ 2016ರಲ್ಲಿ ಆತ ಸ್ವಲ್ಪ ಹತ್ತಿ, ಮನಸ್ಸು ಒಪ್ಪದೆ ಇಳಿದುಬಂದಿದ್ದ. ಆಮೇಲೆ ಹಗ್ಗ ಕಟ್ಟಿಕೊಂಡು ಕಷ್ಟದ ಜಾಗಗಳನ್ನು ಮತ್ತೆ ಮತ್ತೆ ಹತ್ತಿದ. ಎಲ್ಲಿ ಕೈ, ಎಲ್ಲಿ ಕಾಲು ಎಂದು ಬಾಯಿಪಾಠ ಮಾಡಿದ.

“ಅವನೂ ಇಳಿದಿದ್ನಾ ಅಜ್ಜಿ?”

“ಹೂಂ ಪುಟ್ಟಿ. ಇನ್ನೂ ಅಭ್ಯಾಸ ಬೇಕು ಅಂತ ಭಯ ಹೇಳಿತು, ಕೇಳಿದ.”

ಹಗ್ಗವಿಲ್ಲದ ಸಾಹಸ ನಮಗೆ ಬೇಡ. ಆ ಅಭ್ಯಾಸ ಸಾಕು. ಈಗ ನಮ್ಮ ಅಡುಗೆಮನೆಯಲ್ಲಿ ದಿನವೂ ಭಾಷಣ. ಕೇಳುವವಳು ನಾನೊಬ್ಬಳೇ!