ಕಪ್ಪುಪಟ್ಟಿಗೂ ಕ್ರಮವಿರಲಿ

ಕಳಪೆ ಕಾಮಗಾರಿ ನಡೆಸಿದ ಗುತ್ತಿಗೆದಾರನನ್ನು ದೂರವಿಡುವುದು ಸಾರ್ವಜನಿಕ ಹಣದ ರಕ್ಷಣೆಗೆ ಅವಶ್ಯಕ. ಆದರೆ ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ರಸ್ತೆ, ಕೆರೆ, ಶಾಲಾ ಕೊಠಡಿಗಳ ಕೆಲಸವನ್ನೇ ನಂಬಿರುವ ಸಣ್ಣ ಗುತ್ತಿಗೆದಾರನಿಗೆ ಕಪ್ಪುಪಟ್ಟಿಯೆಂದರೆ ಒಂದು ಇಲಾಖೆಯ ಬಾಗಿಲು ಮಾತ್ರ ಮುಚ್ಚುವುದಲ್ಲ. ಮುಂದಿನ ಟೆಂಡರುಗಳಲ್ಲಿಯೂ ಅದನ್ನು ಘೋಷಿಸಬೇಕಾದೀತು, ಬ್ಯಾಂಕಿನ ಸಾಲಮಿತಿಯೂ ಕುಗ್ಗೀತು.

ಅಹವಾಲು ಆಲಿಸದೆ ಕಪ್ಪುಪಟ್ಟಿಗೆ ಸೇರಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1974ರ ಎರೂಸಿಯನ್ ಪ್ರಕರಣದಲ್ಲಿಯೇ ತೀರ್ಪಿತ್ತಿದೆ. ನಿಷೇಧವು ಶಾಶ್ವತವಾಗಿರಕೂಡದೆಂದು 2013ರ ಕುಲ್ಜಾ ಪ್ರಕರಣದಲ್ಲಿಯೂ, ಆ ಉದ್ದೇಶವು ನೋಟೀಸಿನಿಂದಲೇ ಸ್ಪಷ್ಟವಾಗಬೇಕೆಂದು 2014ರ ಗೋರ್ಖಾ ಸೆಕ್ಯುರಿಟಿ ಪ್ರಕರಣದಲ್ಲಿಯೂ ಹೇಳಿದೆ.

ಆದುದರಿಂದ ಇಲಾಖೆಗಳು ಆರೋಪ, ಆಧಾರ, ಅವಧಿಗಳನ್ನು ಲಿಖಿತವಾಗಿ ತಿಳಿಸಲಿ. ಸದಸ್ಯರು ಅಳತೆ ಪುಸ್ತಕದ ನಕಲು, ಗುಣಮಟ್ಟ ಪರೀಕ್ಷಾ ವರದಿ, ಪತ್ರವ್ಯವಹಾರಗಳನ್ನು ಜೋಪಾನವಾಗಿರಿಸಿ ಗಡುವಿನೊಳಗೆ ಉತ್ತರಿಸಲಿ. ನೋಟೀಸಿಗೆ ಮೌನವು ಉತ್ತರವಲ್ಲ.