ಸೋರುವ ಬೆಳಕಿಗೂ ಕೆಲಸವಿದೆ

ಆಪ್ಟಿಕಲ್ ಫೈಬರ್ ಎಂದರೆ ನಮ್ಮಂಥ ಬಿ.ಇ. ವಿದ್ಯಾರ್ಥಿಗಳಿಗೆ ನೆನಪಾಗುವುದು ನ್ಯೂಮರಿಕಲ್ ಅಪರ್ಚರ್ ಲೆಕ್ಕ ಮತ್ತು 'ನಷ್ಟಗಳನ್ನು ವಿವರಿಸಿ' ಎಂಬ ಪ್ರಶ್ನೆ. ಫೈಬರ್ ಬಾಗಿದರೆ ಬೆಳಕು ಪಕ್ಕಕ್ಕೆ ಸೋರುತ್ತದೆ, ಅದು ನಷ್ಟ ಎಂದು ಬರೆದು ಪುಟ ತಿರುಗಿಸುತ್ತೇವೆ. ಬೇಕೆಂದೇ ಸೋರಿಸಿ ದೀಪ ಮಾಡುತ್ತಾರೆ ಎಂದು ಯಾವ ತರಗತಿಯಲ್ಲೂ ನಾನು ಕೇಳಲಿಲ್ಲ.

ಎಲ್‌ಸಿಡಿ ಪರದೆ ತಾನಾಗಿ ಬೆಳಗುವುದಿಲ್ಲ. ಅದರ ಹಿಂದೆ ಚಪ್ಪಟೆಯಾದ, ಎಲ್ಲೆಡೆ ಒಂದೇ ಸಮನಾದ ಬೆಳಕು ಬೇಕು. ಅದನ್ನು ಪ್ಲಾಸ್ಟಿಕ್ ಫೈಬರ್‌ನಿಂದ ನೇಯಬಹುದು! ಹಾಸಿಗೆ ಫೈಬರ್, ಹೊಕ್ಕಿಗೆ ಸಾಮಾನ್ಯ ನೂಲು. ನೂಲಿನ ಮೇಲೆ ಕೆಳಗೆ ಹಾಯುವಲ್ಲೆಲ್ಲ ಫೈಬರ್ ಬಾಗುತ್ತದೆ. ಒಳತಿರುಳಿನ ವಕ್ರೀಭವನ ಸೂಚ್ಯಂಕ 1.49, ಹೊರಕವಚದ್ದು ಸುಮಾರು 1.40 ಇದ್ದರೆ, ಕಿರಣದ ಪತನ ಕೋನ 70 ಡಿಗ್ರಿಗಿಂತ ಕಡಿಮೆಯಾದ ಕಡೆ ಬೆಳಕು ಹೊರಗೆ ಬರುತ್ತದೆ. ಫೈಬರ್ ತುದಿಗಳನ್ನು ಕಂತೆ ಕಟ್ಟಿ ಒಂದು ಎಲ್‌ಇಡಿಗೆ ಹಿಡಿದರೆ ಇಡೀ ಬಟ್ಟೆ ಬೆಳಗುತ್ತದೆ. ಬಿಸಿ, ವಿದ್ಯುತ್ ಎರಡೂ ದೂರದ ಎಲ್‌ಇಡಿ ಬಳಿಯೇ ಉಳಿಯುತ್ತವೆ. ಕಾಮಾಲೆಯಾದ ಹಸುಗೂಸುಗಳಿಗೆ ನೀಲಿ ಬೆಳಕು ಕೊಡುವ ಫೈಬರ್ ಹಾಸುಗಳು ಬಂದಿರುವುದು ಇದರಿಂದಲೇ. ತಾಯಿ ಮಗುವನ್ನು ಎತ್ತಿಕೊಂಡಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ.

ಮೊಬೈಲ್‌ಗೆ ಇದು ಬೇಡ, ಒಪ್ಪುತ್ತೇನೆ. ಅಲ್ಲಿ ಅಚ್ಚಿನಲ್ಲಿ ಮಾಡಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸಾಕು.

ನಿಜವಾದ ತೊಡಕು ಬೆಳಕನ್ನು ಸಮನಾಗಿ ಹರಡುವುದರಲ್ಲಿದೆ. ಒಂದೇ ಥರ ನೇಯ್ದರೆ ಎಲ್‌ಇಡಿ ಹತ್ತಿರ ಝಗಮಗ, ದೂರದ ತುದಿ ಮಂಕು. ಹಾಗಾಗಿ ಹತ್ತಿರದಲ್ಲಿ ನೇಯ್ಗೆ ಸಡಿಲ, ದೂರ ಹೋದಂತೆ ಒತ್ತು ಬೇಕು. ಎಷ್ಟು ಸಡಿಲ, ಎಷ್ಟು ಒತ್ತು? ಇದನ್ನು ಲೆಕ್ಕ ಹಾಕುವುದು ಎಂಜಿನಿಯರ್ ಕೆಲಸ. ಆದರೆ ನೂಲು ಎಷ್ಟು ಎಳೆತ ತಾಳುತ್ತದೆ ಎಂಬುದು ಇಳಕಲ್, ಗುಳೇದಗುಡ್ಡದ ನೇಕಾರರಿಗೆ ಕೈಯಲ್ಲೇ ಗೊತ್ತಿದೆ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಇಬ್ಬರೂ ಇದ್ದೇವೆ, ಒಬ್ಬರನ್ನೊಬ್ಬರು ಮಾತಾಡಿಸಿಲ್ಲ.

ಬದಲಿಗೆ ಕೊನೆಯ ವರ್ಷದ ಪ್ರಾಜೆಕ್ಟನ್ನು ಎಷ್ಟೋ ಜನ ರೆಡಿಮೇಡ್ ಕೊಳ್ಳುತ್ತಾರೆ, ವರದಿಯ ಸಮೇತ. ಸಂದರ್ಶನದಲ್ಲಿ 'ಈ ಭಾಗ ಯಾಕೆ ಹೀಗಿದೆ?' ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ಒಂದು ಗೇಣು ಬೆಳಕಿನ ಬಟ್ಟೆಯನ್ನು ನಾವೇ ನೇಯ್ದು, ತುದಿಯಿಂದ ತುದಿಗೆ ಲಕ್ಸ್ ಮೀಟರ್‌ನಲ್ಲಿ ಅಳೆದಿದ್ದರೆ ಹೇಳಲು ನಮ್ಮದೇ ಮಾತು ಇರುತ್ತದೆ.

ಮುಂದಿನ ಸೆಮಿಸ್ಟರ್‌ಗೆ ನಾವು ಮೂವರು ಇದನ್ನೇ ಕೇಳಿದ್ದೇವೆ. ಗೈಡ್ ಇನ್ನೂ ಒಪ್ಪಿಲ್ಲ. 'ಇದು ಟೆಕ್ಸ್‌ಟೈಲ್‌ನವರ ಕೆಲಸ ಅಲ್ಲೇನಪಾ?' ಅಂದರು. ಮುಂದಿನ ವಾರ ಒಂದು ತುಂಡು ನೇಯಿಸಿಕೊಂಡೇ ಅವರ ಮುಂದೆ ಹೋಗುವವರಿದ್ದೇವೆ.